ಒಂದು ಪೇಪರು ಕಮ್ಮಿ

ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಗೋಡೆಯ ಮೇಲೆ ವರ್ಷಕ್ಕೆರಡು ಸಲ ಒಂದು ದೊಡ್ಡ ಹಾಳೆ ಅಂಟಿಸುತ್ತಾರೆ. ಅಧ್ಯಾಪಕರ ಹೆಸರು, ಆ ಅವಧಿಯಲ್ಲಿ ಅವರು ಪ್ರಕಟಿಸಿದ ಸಂಶೋಧನಾ ಪೇಪರುಗಳು ಎಷ್ಟು, ಬೇರೆಯವರು ತಮ್ಮ ಪೇಪರುಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಕೊನೆಗೆ ಒಟ್ಟು ಪಾಯಿಂಟು ಎಷ್ಟು ಎಂದು ಅದರಲ್ಲಿ ಇರುತ್ತದೆ. ಪಾಯಿಂಟು ಜಾಸ್ತಿ ಇದ್ದವರು ಮೇಲೆ, ಕಮ್ಮಿ ಇದ್ದವರು ಕೆಳಗೆ. ನನ್ನ ಹೆಸರು ನೋಡಬೇಕಾದರೆ ನಾನು ಬಗ್ಗಬೇಕಿತ್ತು. ಮೊದಲ ಸಲ ಬಗ್ಗಿ ನೋಡಿದಾಗ ನಗು ಬಂತು. ಮೂರನೆಯ ಸಲಕ್ಕೆ ನೋಡುವುದನ್ನೇ ಬಿಟ್ಟೆ. ಆದರೆ ಟೀ ಫ್ಲಾಸ್ಕು ಇಡುವ ಮೇಜು ಆ ಹಾಳೆಯ ಕೆಳಗೇ ಇದೆ. ಟೀ ಬಗ್ಗಿಸಿಕೊಳ್ಳಲು ಹೋದವರೆಲ್ಲ ನನ್ನ ಹೆಸರಿನ ಎದುರಿಗೇ ನಿಲ್ಲುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಕಿರಿಕಿರಿ.

ನಾನು ಸೇಲಂ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹುಟ್ಟಿದ್ದು ಧರ್ಮಪುರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಮನೆ ಮಾತು ಕನ್ನಡ, ಸ್ಕೂಲು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ, ಬಸ್ಸುಗಳ ಬೋರ್ಡು ನೋಡಿ. ನಮ್ಮೂರಿನಲ್ಲಿ ನನ್ನ ವಯಸ್ಸಿನವರ ಹಲ್ಲು ನೋಡಿದರೆ ಸಾಕು, ಯಾವ ಊರಿನವರು ಎಂದು ಸುತ್ತಲಿನವರು ಹೇಳಿಬಿಡುತ್ತಿದ್ದರು. ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣ ಎರಚಿದಂಥ ಬಿಳಿ ಮಚ್ಚೆ. ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡಿನಿಂದ ಅದು ಬರುತ್ತದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಗೆರೆ ಜೀವಮಾನವಿಡೀ ಉಳಿಯುತ್ತದೆ. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು, ಹುಡುಗಿ ವೀಳ್ಯ ಹಾಕುತ್ತಾಳಾ ಎಂದು ಕೇಳಿದ್ದರು. ಫೋಟೋ ತೆಗೆಸಿಕೊಳ್ಳುವಾಗ ಬಾಯಿ ಮುಚ್ಚಿಕೊಳ್ಳುವುದು ನನಗೆ ಇವತ್ತಿಗೂ ಅಭ್ಯಾಸ.

ಹೀಗಾಗಿ ಕಾಲೇಜಿಗೆ ಸೇರಿ ಸ್ವಂತ ಸಂಶೋಧನೆ ಅಂತ ಶುರು ಮಾಡಿದಾಗ ವಿಷಯ ಹುಡುಕುವ ಕಷ್ಟ ನನಗೆ ಇರಲಿಲ್ಲ. ನಮ್ಮೂರು ಮತ್ತು ಸುತ್ತಲಿನ ಊರುಗಳಲ್ಲಿ ಜನ ಕುಡಿಯುವ ನೀರಿನ ಒಂದೊಂದು ಬಾವಿ, ಒಂದೊಂದು ಬೋರು, ಒಂದೊಂದು ಕೈಪಂಪು ಗುರುತು ಹಾಕಿಕೊಂಡೆ. ಶನಿವಾರ ಬಸ್ಸು ಹತ್ತಿ ಪ್ಲಾಸ್ಟಿಕ್ ಬಾಟಲುಗಳಲ್ಲಿ ನೀರು ತುಂಬಿಸಿಕೊಂಡು ಬರುವುದು, ಸೋಮವಾರ ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಅಳೆಯುವುದು. ಒಮ್ಮೆ ಅಳೆದು ಬಿಟ್ಟರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮಳೆ ಬಂದ ಮೇಲೆ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ಬೋರು ಇನ್ನಷ್ಟು ಆಳಕ್ಕೆ ಇಳಿಸಿದರೆ ಮತ್ತೊಂದು ಥರ. ಅವೇ ಬಾವಿಗಳಿಗೆ ವರ್ಷ ವರ್ಷ, ಕಾಲ ಕಾಲಕ್ಕೆ ಹೋಗಿ ಅಳೆದರೆ ಮಾತ್ರ ಯಾವುದನ್ನು ನಂಬಬಹುದು ಅಂತ ಹೇಳಲು ಬರುತ್ತದೆ. ಏಳು ವರ್ಷ ಹಾಗೆ ಹೋದೆ.

ನಮ್ಮ ದೊಡ್ಡವ್ವನ ಮನೆ ಊರ ಮುಂದೆಯೇ ಇತ್ತು. ಅವಳಿಗೆ ಕತ್ತು ತಿರುಗುತ್ತಿರಲಿಲ್ಲ, ಮಂಡಿ ಮಡಚಲು ಆಗುತ್ತಿರಲಿಲ್ಲ. ಅದೂ ಆ ನೀರಿನದೇ ಕೆಲಸ. ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

"ಏನ್ ಕಣ್ಣು, ಇನ್ನೂ ಮುಗೀಲಿಲ್ವಾ ನಿನ್ ಪರೀಕ್ಸೆ?" ಎಂದು ಪ್ರತಿ ಸಲ ಮುದ್ದಿನಿಂದ ಕೇಳುತ್ತಿದ್ದಳು. "ನಿಮ್ ಕಾಲೇಜ್ನೋರು ನಿಂಗೆ ಪಾಸ್ ಆಕ್ಲಿಲ್ವಾ?"

"ಇನ್ನೂ ಆಕಿಲ್ಲ ದೊಡ್ಡವ್ವ" ಅನ್ನುತ್ತಿದ್ದೆ. ತಮಾಷೆಗೆ ಅಂದ ಮಾತು ಅದು.

ನಾಲ್ಕನೆಯ ವರ್ಷದ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು. ಎರಡು ಕೈಪಂಪುಗಳಲ್ಲಿ ಯಾವ ಕಾಲದಲ್ಲೂ ಕುಡಿಯುವಂಥ ನೀರಿಲ್ಲ, ಒಂದು ಹಳೆಯ ಬೋರಿನದು ಎಲ್ಲ ಕಾಲದಲ್ಲೂ ಪರವಾಗಿಲ್ಲ. ದೊಡ್ಡವ್ವನೇ ನಾಲ್ಕು ಹೆಂಗಸರನ್ನು ಸೇರಿಸಿದಳು. ನಾನು ಹೇಳಿದೆ, ಅವರು ಕೇಳಿದರು. ಅವರಲ್ಲೊಬ್ಬಳು ಎಲ್ಲಿಂದಲೋ ಕೆಂಪು ಪೇಂಟು ತಂದು ಆ ಎರಡು ಪಂಪುಗಳ ಕತ್ತಿಗೆ ಬಳಿದಳು. ಬಟ್ಟೆಗೆ, ದನಕ್ಕೆ ಬೇಕಾದರೆ ಆ ನೀರು, ಅಡಿಗೆಗೆ ಬೇಡ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಅವತ್ತು ಸೇಲಂಗೆ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆ, ಕಾಲು ನೋವಾಗಲಿಲ್ಲ.

ಇಷ್ಟು ವರ್ಷದ ಕೆಲಸವನ್ನು ಒಂದು ಪೇಪರಾಗಿ ಬರೆದು ಹೊರದೇಶದ ಒಂದು ದೊಡ್ಡ ಪತ್ರಿಕೆಗೆ ಕಳಿಸಿದೆ. ಹತ್ತೇ ದಿನಕ್ಕೆ ವಾಪಸು ಬಂತು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಈ ವಿಷಯದಲ್ಲಿ ಆ ಪ್ರದೇಶದವರಿಗೆ ಬಿಟ್ಟು ಬೇರೆಯವರಿಗೆ ಆಸಕ್ತಿ ಇರಲಾರದು ಎಂದು ಬರೆದಿದ್ದರು. ಅದನ್ನು ನಾಲ್ಕೈದು ಸಲ ಓದಿದೆ. ಆ ಪ್ರದೇಶದವರೇ ತಾನೆ ಆ ನೀರು ಕುಡಿಯುವವರು. ಇನ್ಯಾರಿಗೆ ಆಸಕ್ತಿ ಇರಬೇಕಿತ್ತು? ಇನ್ನೆರಡು ಕಡೆ ಕಳಿಸಿ, ಎರಡು ಕಡೆಯಿಂದಲೂ ಬೇಡ ಅನ್ನಿಸಿಕೊಂಡು, ಕೊನೆಗೆ ನಮ್ಮ ದೇಶದ್ದೇ ಒಂದು ಹಳೆಯ ಪತ್ರಿಕೆಗೆ ಕೊಟ್ಟೆ. ಅಲ್ಲಿನ ಪರಿಶೀಲಕರು ಪ್ರತಿ ಸಾಲು ಓದಿ, ಎರಡು ತಪ್ಪು ಹುಡುಕಿ, ತಿದ್ದಿಸಿ ಒಪ್ಪಿದರು. ಪೇಪರು ಅಚ್ಚಾಗಿ ಬರುವಷ್ಟರಲ್ಲಿ ವಿಶ್ವವಿದ್ಯಾಲಯ ಒಪ್ಪುವ ಪತ್ರಿಕೆಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದರು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಪತ್ರಿಕೆಯಲ್ಲಿ ಬಂದ ಪೇಪರಿಗೆ ಪಾಯಿಂಟು ಸೊನ್ನೆ. ಏಳು ವರ್ಷಕ್ಕೆ ಸೊನ್ನೆ.

ಆ ಹಾಳೆಯನ್ನು ತಯಾರಿಸುವವನು ನಮ್ಮ ಕಾಲೇಜಿನ ಸಂಶೋಧನಾ ಡೀನ್. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ಮೇಟ್ಟೂರು ಕಡೆಯ ಕನ್ನಡದ ಮನೆಯವನು. ನಾಲ್ಕು ಜನರ ಮುಂದೆ ತಮಿಳಿನಲ್ಲಿ ಮೇಡಂ ಅನ್ನುತ್ತಿದ್ದ. ಇಬ್ಬರೇ ಇದ್ದಾಗ ಕನ್ನಡದಲ್ಲಿ ಅಕ್ಕಾ ಅನ್ನುತ್ತಿದ್ದ. ನ್ಯಾನೋ ಕಣಗಳ ಮೇಲೆ ಅವನ ಕೆಲಸ. ವರ್ಷಕ್ಕೆ ಎಷ್ಟು ಪೇಪರು ಬರೆಯುತ್ತಿದ್ದ ಎಂದು ಅವನಿಗೇ ನೆನಪಿರುತ್ತಿರಲಿಲ್ಲ. ಹಾಳೆಯಲ್ಲಿ ಮೊದಲ ಹೆಸರು ಅವನದೇ.

ಪತ್ರಿಕೆ ಪಟ್ಟಿಯಿಂದ ಹೋದ ಸುದ್ದಿ ಹೇಳಿದಾಗ ಅವನು ನಿಜವಾಗಿ ಬೇಜಾರು ಮಾಡಿಕೊಂಡ. "ಅಕ್ಕಾ, ನಿಮ್ ಕೆಲ್ಸ ಚೆನ್ನಾಗೈತೆ, ನಂಗೊತ್ತು. ಆದ್ರೆ ಸಾಫ್ಟ್‌ವೇರ್‌ಗೆ ಗೊತ್ತಿಲ್ವಲ್ಲಾ. ಅದ್ರಲ್ಲಿ ಆ ಪತ್ರಿಕೆ ಎಸ್ರು ಒಡುದ್ರೆ ಕೆಂಪ್ಗೆ ತೋರುಸ್ತೈತೆ" ಅಂದ.

"ನೀನು ಓದಿದೆಯಾ ಅದನ್ನ?"

"ಓದೋಕೆ ಎಲ್ಲಿ ಟೈಮ್ ಐತಕ್ಕಾ" ಅಂದ. ಸುಳ್ಳು ಹೇಳಲಿಲ್ಲ ಅನ್ನುವ ಕಾರಣಕ್ಕೆ ಅವನ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ.

ಆ ವರ್ಷವೇ ಅವಳು ಬಂದಳು. ಕಡಯಂಪಟ್ಟಿಯ ಹುಡುಗಿ, ಅವಳದೂ ಮನೆ ಮಾತು ಕನ್ನಡ, ನಮ್ಮಲ್ಲೇ ಎಂ.ಎಸ್ಸಿ. ಮುಗಿಸಿದ್ದಳು. ಅಪ್ಪ ಶಂಕಗಿರಿಯ ಒಂದು ಲಾರಿ ಕಂಪನಿಯಲ್ಲಿ ಡ್ರೈವರು. ತರಗತಿಯಲ್ಲಿ ನಾನು ಒಮ್ಮೆ ಬಾವಿಗಳ ವಿಷಯ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ನನ್ನ ಹತ್ತಿರ ಪಿಎಚ್.ಡಿ. ಮಾಡುತ್ತೇನೆ, ಅದೇ ಬಾವಿಗಳ ಮೇಲೆ ಮಾಡುತ್ತೇನೆ ಅಂದಳು. ಬೇರೆ ಕಡೆ ಬೇಗ ಮುಗಿಯುತ್ತದೆ, ಇಲ್ಲಿ ಬಿಸಿಲಲ್ಲಿ ಅಲೆಯಬೇಕು ಎಂದು ಹೆದರಿಸಿ ನೋಡಿದೆ. "ನಮ್ಮಪ್ಪ ನಾಗ್ಪುರ್ ಗಂಟ ಓಗಿ ಬತ್ತಾರೆ ಮೇಡಂ. ನಾನು ಧರ್ಮಪುರಿ ಗಂಟ ಓಗಕ್ಕಾಗಲ್ವಾ?" ಅಂದಳು. ಮೊದಲ ಶನಿವಾರ ಅವಳನ್ನು ಕರೆದುಕೊಂಡು ಹೋದೆ. ನಾನು ಏಳು ವರ್ಷದಲ್ಲಿ ಕೇಳದ ಒಂದು ಪ್ರಶ್ನೆಯನ್ನು ಅವಳು ಮೊದಲ ದಿನವೇ ದೊಡ್ಡವ್ವನಿಗೆ ಕೇಳಿದಳು: ಬೋರು ಬರುವುದಕ್ಕೆ ಮುಂಚೆ ಎಲ್ಲಿಂದ ಸೇದುತ್ತಿದ್ದಿರಿ? ದೊಡ್ಡವ್ವ ಮೈಯೆಲ್ಲ ತಿರುಗಿಸಿ ಸ್ಕೂಲಿನ ಹಿಂದಿನ ಕಡೆಗೆ ಕೈ ತೋರಿಸಿದಳು. ಅಲ್ಲೊಂದು ಹಳೆಯ ಬಾವಿ ಇತ್ತು. ಅರ್ಧಕ್ಕೆ ಕಸ ತುಂಬಿ, ಮೇಲೆ ಜಾಲಿ ಗಿಡ ಬೆಳೆದಿತ್ತು. ಅದನ್ನು ನಾನು ಬಾವಿ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಿಎಚ್.ಡಿ.ಗೆ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಕಾದರೆ ವಿಶ್ವವಿದ್ಯಾಲಯ ನಮಗೆ ಗೈಡ್ ಎಂದು ಮಾನ್ಯತೆ ಕೊಟ್ಟಿರಬೇಕು. ನನಗೆ ಇತ್ತು. ಆದರೆ ಆಗಾಗ ಅದನ್ನು ನವೀಕರಿಸಬೇಕು, ನವೀಕರಣಕ್ಕೆ ಪಟ್ಟಿಯಲ್ಲಿರುವ ಪತ್ರಿಕೆಗಳಲ್ಲಿ ಇಂತಿಷ್ಟು ಪೇಪರು ಬೇಕು. ಅರ್ಜಿ ಹಾಕಿದೆ. ಒಂದು ಪೇಪರು ಕಮ್ಮಿ ಎಂದು ವಾಪಸು ಬಂತು. ಬಾವಿಗಳ ಪೇಪರು ಲೆಕ್ಕಕ್ಕೆ ಬಂದಿದ್ದರೆ ಸರಿಹೋಗುತ್ತಿತ್ತು.

ವಿಶ್ವವಿದ್ಯಾಲಯದ ಕಚೇರಿಗೆ ನಾನೇ ಹೋದೆ. ಅಲ್ಲಿನ ಸೂಪರಿಂಟೆಂಡೆಂಟ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು. ಸಂಶೋಧನೆಯಿಂದ ಸಮಾಜಕ್ಕೆ ಉಪಯೋಗ ಆಗಿದ್ದರೆ ಅದಕ್ಕೂ ಒಂದು ಕಾಲಂ ಇದೆ, ಪಂಚಾಯ್ತಿ ಅಧ್ಯಕ್ಷರಿಂದ ಒಂದು ಪತ್ರ ತಂದುಕೊಡಿ, ನೋಡೋಣ ಎಂದು ತಮಿಳಿನಲ್ಲಿ ಹೇಳಿದರು. ನನಗೆ ಜೀವ ಬಂದ ಹಾಗಾಯಿತು. ಉಪಯೋಗ ಆಗಿದೆ, ಊರಿಗೆ ಊರೇ ಸಾಕ್ಷಿ ಇದೆ.

ಆದರೆ ಕೆಂಪು ಬಣ್ಣ ಬಳಿದಿದ್ದ ಎರಡು ಪಂಪುಗಳಲ್ಲಿ ಒಂದನ್ನು ಹಾಕಿಸಿದ್ದವರು ಅಧ್ಯಕ್ಷರ ತಮ್ಮ. ಮೂರು ಸಲ ಹೋದರೂ ಅಧ್ಯಕ್ಷರು ಸಿಗಲಿಲ್ಲ. ನಾಲ್ಕನೆಯ ಸಲ ಅವರ ಮನೆಯ ತಿಣ್ಣೆಯ ಮೇಲೆ ಕೂತೇ ಕಾದೆ. ಬಂದರು, ಮಾತು ಪೂರ್ತಿ ಕೇಳಿದರು.

"ನೀರು ಕೆಟ್ಟೈತೆ ಅಂತ ನಾನೇ ಎಂಗಮ್ಮಾ ಬರ್ಕೊಡ್ಲಿ? ನಾಳೆ ಕಲೆಕ್ಟರ್ ಆಫೀಸ್ನೋರು ಅದ್ನೇ ಇಟ್ಕೊಂಡು ನನ್ನ ಕೇಳ್ತಾರೆ" ಅಂದರು.

"ಕೆಟ್ಟಿದೆ ಅಂತ ಬೇಡ. ಇವರು ಬಂದು ನೀರು ಪರೀಕ್ಷೆ ಮಾಡಿ ಹೇಳಿದರು, ಜನ ಒಳ್ಳೆ ನೀರು ಕುಡಿಯೋ ಹಾಗಾಯಿತು ಅಂತ ಬರೆದರೆ ಸಾಕು."

"ಅದೂ ಅದೇ ಆಗ್ತೈತಲ್ಲಮ್ಮಾ. ಪರವಾಇಲ್ಲ, ನಮ್ಮೂರ ಎಣ್ಮಗಳು, ಬರೀ ಕೈಲಿ ಕಳ್ಸಲ್ಲ" ಎಂದು ಒಳಗೆ ಹೋಗಿ ಒಂದು ಪತ್ರ ಪ್ರಿಂಟ್ ತೆಗೆದು, ಸೀಲು ಹಾಕಿ ಕೊಟ್ಟರು. ಬಸ್ ಸ್ಟಾಪಿಗೆ ಬಂದು ಓದಿದೆ. ನಾನು ಆ ಊರಿನಲ್ಲಿ ಪ್ಲಾಸ್ಟಿಕ್ ನಿರ್ಮೂಲನೆಯ ಮೆರವಣಿಗೆಯನ್ನು ಬಹಳ ಯಶಸ್ವಿಯಾಗಿ ನಡೆಸಿದೆ ಎಂದು ಬರೆದಿತ್ತು. ಕಂಪ್ಯೂಟರಿನಲ್ಲಿ ಅದೊಂದೇ ನಮೂನೆ ಇತ್ತೋ ಏನೋ.

ದೊಡ್ಡವ್ವ ಮತ್ತು ಆ ಹೆಂಗಸರು ವಿಷಯ ತಿಳಿದು, ನಾವೇ ಬರೆದುಕೊಡುತ್ತೇವೆ ಅಂದರು. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ತಮಿಳಿನಲ್ಲಿ ಬರೆಸಿ, ಕೆಲವರು ಸಹಿ, ಕೆಲವರು ಹೆಬ್ಬೆಟ್ಟು ಒತ್ತಿದರು. ಎರಡೂ ಕಾಗದ ತೆಗೆದುಕೊಂಡು ಹೋದೆ. ಸೂಪರಿಂಟೆಂಡೆಂಟ್ ಹೆಂಗಸರ ಹಾಳೆಯನ್ನು ಗೌರವದಿಂದಲೇ ಓದಿ ವಾಪಸು ಕೊಟ್ಟರು. ಮೆರವಣಿಗೆಯ ಪತ್ರ ಇಟ್ಟುಕೊಂಡರು. ಅದಕ್ಕೆ ಪಾಯಿಂಟು ಸಿಗುತ್ತದಂತೆ, ಆದರೆ ವಿಸ್ತರಣಾ ಚಟುವಟಿಕೆಯ ಕಾಲಮ್ಮಿನಲ್ಲಿ. ಸಂಶೋಧನೆಯ ಕಾಲಮ್ಮಿಗೆ ಅದು ಬರುವುದಿಲ್ಲ. ನಾನು ನಡೆಸದೇ ಇದ್ದ ಮೆರವಣಿಗೆಯಿಂದ ನನಗೆ ಐದು ಪಾಯಿಂಟು ಬಂತು.

ಹುಡುಗಿಯ ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು. ಅವಳು ಪ್ರತಿ ಸೋಮವಾರ ಲ್ಯಾಬಿಗೆ ಬಂದು ಬಾಟಲು ತೊಳೆಯುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಡೀನ್ ನನ್ನನ್ನು ತನ್ನ ಕೋಣೆಗೆ ಕರೆದ. ಕಂಪ್ಯೂಟರಿನಲ್ಲಿ ಒಂದು ಪೇಪರು ತೆರೆದಿತ್ತು. ಬಟ್ಟೆಗೆ ಹಾಕುವ ಬಣ್ಣವನ್ನು ನೀರಿನಿಂದ ತೆಗೆಯುವ ನ್ಯಾನೋ ಕಣಗಳ ಮೇಲೆ ಬರೆದದ್ದು.

"ಅಕ್ಕಾ, ಇದು ನಾಳಿದ್ದು ಕಳುಸ್ತೀವಿ. ಲಿಸ್ಟಲ್ಲಿರೋ ಪತ್ರಿಕೆ. ಇಂಗ್ಲಿಷ್ ಸ್ವಲ್ಪ ತಿದ್ದಿಕೊಡಿ, ನಿಮ್ ಎಸ್ರು ಸೇರುಸ್ತೀನಿ" ಅಂದ.

"ಇಂಗ್ಲಿಷ್ ತಿದ್ದಿದರೆ ಹೆಸರು ಹಾಕ್ತಾರಾ?"

"ಎಲ್ರೂ ಆಕ್ತಾರೆ. ಇದ್ರಲ್ಲೇ ಆರು ಎಸ್ರು ಐತೆ. ಅದ್ರಲ್ಲಿ ಮೂರು ಜನ ಲ್ಯಾಬಿಗೇ ಬಂದಿಲ್ಲ." ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಅಂದ: "ನಂಗೂ ಸಾಕಾಗೈತೆ ಅಕ್ಕಾ. ಕಾಲೇಜಿನ ರ‍್ಯಾಂಕು ಕೆಳಗಿಳುದ್ರೆ ಮ್ಯಾನೇಜ್ಮೆಂಟು ನನ್ನ ಕೇಳ್ತೈತೆ. ನಿಮಗೆ ಒಬ್ಳು ಒಳ್ಳೆ ಹುಡ್ಗಿ ಸಿಕ್ಕವ್ಳೆ. ಅವಳಿಗೋಸ್ಕರ ಯೋಚ್ನೆ ಮಾಡಿ."

ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಶಂಕಗಿರಿಯ ಲಾರಿ ಬುಕಿಂಗ್ ಆಫೀಸಿನಲ್ಲಿ ಇದ್ದಾರೆ. "ಬೇರೆಯವನ ಲಾರಿ ಮೇಲೆ ನಮ್ಮ ಕಂಪನಿ ಹೆಸರು ಬರೆದ ಹಾಗಲ್ವಾ ಅದು?" ಎಂದು ಕೇಳಿದರು. ಹೌದು ಅಂದೆ. "ಮತ್ತೆ?" ಅಂದರು. ಹಾಗಿದ್ದೂ ಮಾರನೆಯ ದಿನ ಹೋಗಿ ಆ ಪೇಪರಿನ ಇಂಗ್ಲಿಷ್ ತಿದ್ದಿಕೊಟ್ಟೆ. ಮೂರು ಗಂಟೆಯ ಕೆಲಸ. ಅರ್ಧವಿರಾಮ, ಕ್ರಿಯಾಪದ, ಕೆಲವು ಕಡೆ ವಾಕ್ಯ. ಅದರೊಳಗಿನ ಚಿತ್ರಗಳನ್ನು ನೋಡಲೇ ಇಲ್ಲ. ನೋಡುವುದು ನನ್ನ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಪೇಪರು ಎರಡೇ ತಿಂಗಳಿಗೆ ಪ್ರಕಟವಾಯಿತು. ನನ್ನ ಮಾನ್ಯತೆ ನವೀಕರಣವಾಯಿತು. ಗೋಡೆಯ ಹಾಳೆಯಲ್ಲಿ ನನ್ನ ಹೆಸರು ಮಧ್ಯಕ್ಕೆ ಏರಿತು. ಟೀ ಕುಡಿಯಲು ಬಂದ ಒಬ್ಬರು ಹಿರಿಯರು ಕೈ ಕುಲುಕಿದರು. ಏಳು ವರ್ಷ ಬಾವಿಗಳ ಸುತ್ತ ತಿರುಗಿದಾಗ ಅವರು ಒಮ್ಮೆಯೂ ಕೈ ಕುಲುಕಿರಲಿಲ್ಲ.

ಹುಡುಗಿಯ ನೋಂದಣಿ ಆಯಿತು. ಮುಂದಿನ ಎಂಟು ತಿಂಗಳು ನಾನು ಕೆಲಸ ಮಾಡಿದ ವರ್ಷಗಳಲ್ಲೇ ಒಳ್ಳೆಯ ಕಾಲ. ಅವಳು ಆ ಕಸದ ಬಾವಿಯನ್ನು ಬಿಡಲಿಲ್ಲ. ಹಗ್ಗಕ್ಕೆ ಬಾಟಲು ಕಟ್ಟಿ ಇಳಿಸಿ, ಕಸದ ಸಂದಿಯಿಂದ ನೀರು ಎತ್ತಿ ಅಳೆದಳು. ಮೇಲ್ಮಟ್ಟದ ಬಂಡೆಯ ನೀರು, ಬೋರಿನಷ್ಟು ಆಳದ್ದಲ್ಲ. ಮೊದಲ ಸಲವೇ ಫ್ಲೋರೈಡು ಬಹಳ ಕಮ್ಮಿ ಬಂತು. ಮೀಟರು ಕೆಟ್ಟಿದೆ ಎಂದು ನಾನು ಮತ್ತೆ ಮತ್ತೆ ಅಳೆಸಿದೆ. ಮೀಟರು ಸರಿಯಾಗೇ ಇತ್ತು. ಕಸ ತೆಗೆದು, ಕ್ರಿಮಿ ಪರೀಕ್ಷೆ ಮಾಡಿಸಿ, ಕ್ಲೋರಿನ್ ಹಾಕಿದರೆ ಊರಿನ ಅಡಿಗೆಗೆ ಆಗುವಷ್ಟು ನೀರು ಅಲ್ಲೇ ಸಿಗುತ್ತದೆ ಎಂದು ಅವಳು ಮಳೆಗಾಲ, ಬೇಸಿಗೆ ಎರಡೂ ಕಾಲದ ಅಳತೆ ಇಟ್ಟು ತೋರಿಸಿದಳು. ಸರ್ಕಾರದ ಉದ್ಯೋಗ ಖಾತ್ರಿಯ ನೂರು ದಿನದ ಕೆಲಸಕ್ಕೆ ಹೋಗುವ ಹೆಂಗಸರು, ಈ ಸಲ ಆ ಬಾವಿಯನ್ನೇ ಹೂಳೆತ್ತುತ್ತೇವೆ ಎಂದು ಪಂಚಾಯ್ತಿಯಲ್ಲಿ ಕೂತು ಕೇಳಿದರು.

ಆ ವಾರವೇ ಇಮೇಲ್ ಬಂತು. ನ್ಯಾನೋ ಪೇಪರಿನ ಪತ್ರಿಕೆಯಿಂದ, ಆರೂ ಜನಕ್ಕೆ. ನನ್ನನ್ನು ಸೇರಿಸಿದರೆ ಏಳು ಜನಕ್ಕೆ. ಪೇಪರಿನಲ್ಲಿ ಕಣಗಳದ್ದು ಎಂದು ಹಾಕಿದ್ದ ಸೂಕ್ಷ್ಮದರ್ಶಕದ ಚಿತ್ರ ಬೇರೆ ದೇಶದ ಯಾರದೋ ಹಳೆಯ ಪೇಪರಿನಲ್ಲಿ ಬೇರೆ ವಸ್ತುವಿನದಾಗಿ ಬಂದಿದೆ, ಸ್ವಲ್ಪ ತಿರುಗಿಸಿ ಹಾಕಲಾಗಿದೆ ಎಂದು ಒಬ್ಬ ಓದುಗರು ತೋರಿಸಿದ್ದರು. ಎರಡೂ ಚಿತ್ರ ಪಕ್ಕಪಕ್ಕದಲ್ಲಿ ಇಟ್ಟಿದ್ದರು. ಮಕ್ಕಳೂ ಗುರುತು ಹಿಡಿಯಬಹುದಿತ್ತು.

ಡೀನ್ ಹತ್ತಿರ ಓಡಿದೆ. ಅವನೂ ಅದೇ ಇಮೇಲ್ ತೆರೆದಿಟ್ಟುಕೊಂಡು ಕೂತಿದ್ದ. ಚಿತ್ರಗಳನ್ನು ಹೊರಗಿನ ಒಂದು ಏಜೆನ್ಸಿಯಿಂದ ಮಾಡಿಸಿದ್ದು, ಅವರು ಹೀಗೆ ಮಾಡುತ್ತಾರೆಂದು ಗೊತ್ತಿರಲಿಲ್ಲ ಎಂದ. ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ಪತ್ರಿಕೆ ಪೇಪರನ್ನು ಹಿಂತೆಗೆದುಕೊಂಡಿತು. ವಿಶ್ವವಿದ್ಯಾಲಯ ಒಬ್ಬೊಬ್ಬರಿಂದಲೂ ಲಿಖಿತ ವಿವರಣೆ ಕೇಳಿತು. ಡೀನ್ ಒಂದು ಮಾದರಿ ಪತ್ರ ಟೈಪು ಮಾಡಿಸಿ ಎಲ್ಲರಿಗೂ ಕೊಟ್ಟ. ಚಿತ್ರ ಅಚಾತುರ್ಯದಿಂದ ಬದಲಾಗಿದೆ, ಸಹಲೇಖಕರಾದ ನಾವು ವಿಷಾದಿಸುತ್ತೇವೆ, ಇಷ್ಟೇ ಇತ್ತು.

"ಇದನ್ನೇ ಕೊಡಿ ಅಕ್ಕಾ. ಒಂದು ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರೆ" ಅಂದ.

"ನನಗೆ ಗೊತ್ತಿಲ್ಲದ ಚಿತ್ರ ಅಚಾತುರ್ಯದಿಂದ ಬದಲಾಯಿತು ಅಂತ ನಾನು ಹೇಗೆ ಬರೆಯಲಿ?"

"ಎಲ್ರೂ ಬರೀತಾರಲ್ಲ."

ಈ ಮಾತನ್ನು ಅವನ ಬಾಯಿಂದ ಎರಡನೆಯ ಸಲ ಕೇಳುತ್ತಿದ್ದೆ. ಮೊದಲ ಸಲ ಒಪ್ಪಿದ್ದೆ. ಈ ಸಲ ಆಗಲಿಲ್ಲ. ಆ ಪೇಪರಿನ ಪ್ರಯೋಗದಲ್ಲಿ ನನ್ನ ಪಾತ್ರ ಏನೂ ಇಲ್ಲ, ಭಾಷೆ ಮಾತ್ರ ತಿದ್ದಿದ್ದೇನೆ, ನನ್ನ ಹೆಸರು ಅದರಲ್ಲಿ ಇರಬಾರದಿತ್ತು, ಗೈಡ್ ಮಾನ್ಯತೆಗೆ ಒಂದು ಪೇಪರು ಕಮ್ಮಿ ಇದ್ದದ್ದರಿಂದ ಒಪ್ಪಿಕೊಂಡೆ ಎಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ನಿಜ ಬರೆದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ವಿಚಾರಣೆಗೆ ಮೂವರು ಪ್ರೊಫೆಸರುಗಳು ಕೂತಿದ್ದರು. ಅವರಲ್ಲಿ ಒಬ್ಬರು ನನ್ನ ಪತ್ರವನ್ನು ಎತ್ತಿ ಹಿಡಿದು, ಅಂದರೆ ಗೊತ್ತಿದ್ದೂ ತಪ್ಪು ಮಾಡಿದ್ದೀರಿ ಎಂದು ಇದರ ಅರ್ಥವೇ ಎಂದು ಕೇಳಿದರು. ಹೌದು ಅಂದೆ. ನನ್ನ ಬಾವಿಗಳ ಪೇಪರನ್ನು ಚೀಲದಲ್ಲಿ ತಂದಿದ್ದೆ. ಇದು ನನ್ನದೇ ಕೆಲಸ, ದಯವಿಟ್ಟು ಇದನ್ನು ಓದಿ, ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಈ ಪರಿಸ್ಥಿತಿಯೇ ಬರುತ್ತಿರಲಿಲ್ಲ ಎಂದೆ. ಇನ್ನೊಬ್ಬರು ಅದನ್ನು ಕೈಗೆ ತೆಗೆದುಕೊಂಡು ಮೊದಲ ಪುಟದ ಮೇಲೆ ಪತ್ರಿಕೆಯ ಹೆಸರು ನೋಡಿದರು. ಇದು ಲಿಸ್ಟಿನಲ್ಲಿ ಇಲ್ಲವಲ್ಲ ಎಂದು ವಾಪಸು ಕೊಟ್ಟರು. ಪುಟ ತಿರುಗಿಸಲಿಲ್ಲ.

ಅಚಾತುರ್ಯ ಎಂದು ಬರೆದುಕೊಟ್ಟ ಆರು ಜನಕ್ಕೆ ಎಚ್ಚರಿಕೆ ಬಂತು. ನನಗೆ ಮೂರು ವರ್ಷ ಗೈಡ್ ಮಾನ್ಯತೆ ರದ್ದಾಯಿತು. ಶಿಕ್ಷೆ ತಪ್ಪು ಎಂದು ನಾನು ಹೇಳುವುದಿಲ್ಲ, ತಪ್ಪು ಮಾಡಿದ್ದೆ. ಆದರೆ ಆ ಆದೇಶವನ್ನು ಓದುವಾಗ ನಾಚಿಕೆಯ ಜೊತೆಗೆ ಸಿಟ್ಟೂ ಬಂತು. ಹಿಂತೆಗೆದುಕೊಂಡ ಆ ಪೇಪರನ್ನು ಜನ ಇನ್ನೂ ಉಲ್ಲೇಖಿಸುತ್ತಿದ್ದಾರೆ. ನನ್ನ ಹೆಸರಿನಲ್ಲಿ ಅತಿ ಹೆಚ್ಚು ಉಲ್ಲೇಖ ಇರುವುದು ಇವತ್ತಿಗೂ ಅದಕ್ಕೇ.

ಹುಡುಗಿಗೆ ನಾನೇ ಹೇಳಬೇಕಿತ್ತು. ಲ್ಯಾಬಿನಲ್ಲಿ ಬಾಟಲುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಚೀಟಿ ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ಆ ಪೇಪರಲ್ಲಿ ನಿಮ್ ಕೆಲ್ಸ ಏನು ಮೇಡಂ?" ಎಂದು ಕೇಳಿದಳು.

"ಇಂಗ್ಲಿಷ್ ತಿದ್ದಿದೆ."

"ಯಾಕೆ ಒಪ್ಕೊಂಡ್ರಿ?"

"ನಿನ್ನ ನೋಂದಣಿ ಆಗಬೇಕಿತ್ತು."

ಆಗ ತಲೆ ಎತ್ತಿದಳು. "ನನ್ನಿಂದ ಅಂತ ಏಳ್ಬೇಡಿ ಮೇಡಂ. ನಾನು ಕೇಳ್ಲಿಲ್ಲ. ಒಂದು ವರ್ಸ ಕಾಯಿ ಅಂದಿದ್ರೆ ಕಾಯ್ತಿದ್ದೆ. ನಮ್ಮಪ್ಪಂಗೆ ನಾನು ಏನಂತ ಏಳ್ಲಿ? ಎಂಟು ತಿಂಗ್ಳು ಓಯ್ತು ಅಂತ್ಲಾ?"

ಆಮೇಲೆ ತಮಿಳಿಗೆ ಹೊರಳಿ ಏನೋ ಅಂದಳು. ನನಗೆ ಕೇಳಿಸಿತು, ಇಲ್ಲಿ ಬರೆಯುವುದಿಲ್ಲ. ಅವಳ ಮಾತು ಸರಿಯಾಗಿತ್ತು. ಕೇಳಿದ್ದರೆ ಕಾಯುತ್ತಿದ್ದಳು. ನಾನು ಅವಳನ್ನು ಕೇಳಲೇ ಇಲ್ಲ. ನನ್ನ ಕೆಲಸಕ್ಕೆ ಬೆಲೆ ಕಟ್ಟುವವರು ನನ್ನನ್ನು ಒಂದು ಮಾತೂ ಕೇಳುವುದಿಲ್ಲ ಎಂದು ಅಷ್ಟು ವರ್ಷ ಗೊಣಗಿದವಳು, ಅವಳ ವಿಷಯದಲ್ಲಿ ನಾನೂ ಅದನ್ನೇ ಮಾಡಿದ್ದೆ.

ಅವಳನ್ನು ಬೇರೆ ಗೈಡಿಗೆ ವರ್ಗಾಯಿಸಿದರು. ವಿಷಯವನ್ನೂ ಬದಲಾಯಿಸಬೇಕಾಯಿತು, ಯಾಕೆಂದರೆ ಹೊಸ ಗೈಡಿನ ಕೆಲಸವೂ ಡೀನ್‌ನ ಹಾಗೆ ನ್ಯಾನೋ ಕಣಗಳ ಮೇಲೇ. ಮೊದಲ ವರ್ಷದಲ್ಲೇ ಮೂರು ಪೇಪರು ಬಂದವು, ಮೂರೂ ಪಟ್ಟಿಯಲ್ಲಿರುವ ಪತ್ರಿಕೆಗಳಲ್ಲಿ. ವಿಭಾಗದಲ್ಲಿ ಕೇಕು ಕತ್ತರಿಸಿದರು. ಅವಳು ಶ್ರದ್ಧೆಯಿಂದಲೇ ಮಾಡಿರುತ್ತಾಳೆ, ಅವಳ ಕೈ ಅಂಥದ್ದು. ಡೀನ್ ಡೀನಾಗಿಯೇ ಇದ್ದಾನೆ. ಎದುರು ಸಿಕ್ಕರೆ ಈಗ ಯಾರಿಲ್ಲದಾಗಲೂ ಮೇಡಂ ಅನ್ನುತ್ತಾನೆ.

ಹೆಂಗಸರು ಸ್ಕೂಲಿನ ಹಿಂದಿನ ಬಾವಿಯ ಹೂಳನ್ನು ಎತ್ತಿಯೇಬಿಟ್ಟರು. ಅಧ್ಯಕ್ಷರು ಅಡ್ಡ ಬರಲಿಲ್ಲ, ಉದ್ಘಾಟನೆಗೆ ಬಂದು ಫೋಟೋ ತೆಗೆಸಿಕೊಂಡರು. ನೀರನ್ನು ಎರಡು ಸಲ ಪರೀಕ್ಷೆಗೆ ಕಳಿಸಿದೆ, ಪಾಸಾಯಿತು. ಈಗ ಬೆಳಿಗ್ಗೆ ಅಲ್ಲಿ ಬಿಂದಿಗೆಗಳ ಸಾಲು.

ಮೊನ್ನೆ ಕ್ಯಾಂಟೀನಿನಲ್ಲಿ ಹುಡುಗಿ ಒಬ್ಬಳೇ ಕೂತಿದ್ದಳು. ಎದುರಿಗೆ ಹೋಗಿ ಕೂತೆ. ಅಷ್ಟು ದಿನ ಮಾತಾಡಿಸುವ ಧೈರ್ಯ ಬಂದಿರಲಿಲ್ಲ. ಫೋನಿನಲ್ಲಿದ್ದ ಬಾವಿಯ ಫೋಟೋ ತೋರಿಸಿದೆ. ಜಾಲಿ ಗಿಡ ಇಲ್ಲ, ಸುತ್ತ ಸಿಮೆಂಟಿನ ಕಟ್ಟೆ, ಹೊಸ ರಾಟೆ. ಬೆರಳಿನಿಂದ ದೊಡ್ಡದು ಮಾಡಿ ಒಂದೊಂದು ಮೂಲೆಯನ್ನೂ ನೋಡಿದಳು.

"ಬೇಸಿಗೇಲೂ ನೀರು ನಿಂತಿತ್ತಾ ಮೇಡಂ?"

"ನಿಂತಿತ್ತು."

"ಅಳೆದ್ರಾ?"

"ಅಳೆದೆ. ನೀನು ಹೇಳಿದಷ್ಟೇ ಬಂತು."

ಫೋನು ವಾಪಸು ಕೊಟ್ಟಳು. "ಇದನ್ನ ನನ್ ಥೀಸಿಸ್ಸಲ್ಲಿ ಎಲ್ಲೂ ಆಕೋಕಾಗಲ್ಲ, ಅಲ್ವಾ?" ಎಂದು ಕೇಳಿದಳು.

"ಆಗಲ್ಲ" ಅಂದೆ.

ಅವಳು ಟೀ ಮುಗಿಸಿದಳು. ಗೈಡಿನಿಂದ ಫೋನು ಬಂತು. ನಾಲ್ಕನೆಯ ಪೇಪರಿಗೆ ಚಿತ್ರಗಳು ಸಂಜೆಯೊಳಗೆ ಬೇಕಂತೆ. ಎದ್ದು ಹೊರಟವಳು ಎರಡು ಹೆಜ್ಜೆ ಇಟ್ಟು ನಿಂತು, "ಚಿತ್ರ ನಾನೇ ತೆಗೀತೀನಿ ಮೇಡಂ, ಬೇರೆ ಯಾರ ಅತ್ರಾನೂ ಮಾಡ್ಸಲ್ಲ" ಎಂದು ಹೇಳಿ ಹೋದಳು.